ನಿಕೋಟಿನ್ ಗಮ್: ಸರಿಯಾಗಿ ಬಳಸಿದರೆ ನೆರವಾಗುತ್ತದೆ

ಸಿಗರೇಟ್ ಬಿಟ್ಟು ಎರಡು ವರ್ಷ ದಾಟಿತು, ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿತು. ನನ್ನ ಕೈಹಿಡಿದಿದ್ದು ನಿಕೋಟಿನ್ ಗಮ್. ಆದರೆ ಮೊದಲ ಸಲ ಇದೇ ಗಮ್ ತಗೊಂಡು ನಾಲ್ಕೇ ದಿನಕ್ಕೆ ಮೂಲೆಗೆ ಹಾಕಿದ್ದೆ, ಯಾಕಂದ್ರೆ ಮಾಮೂಲಿ ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯುತ್ತಿದ್ದೆ. ಬಿಕ್ಕಳಿಕೆ, ಎದೆಯುರಿ, ದವಡೆ ನೋವು. ಇದು ಕೆಲಸಕ್ಕೆ ಬರಲ್ಲ ಅಂತ ಮತ್ತೆ ಸೇದೋಕೆ ಶುರು ಮಾಡಿದೆ.

ಬಳಸುವ ಕ್ರಮ ಹೀಗಿದೆ. ನಿಧಾನಕ್ಕೆ ಅಗಿಯಬೇಕು. ಬಾಯಲ್ಲಿ ಮೆಣಸಿನ ಕಾಳು ಕಚ್ಚಿದ ಹಾಗೆ ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು ಸುಮ್ನೆ ಇರಬೇಕು. ಚುರುಚುರು ಇಳಿದ ಮೇಲೆ ಮತ್ತೆ ಒಂದಷ್ಟು ಸಲ ಅಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಹೀಗೆ ಸುಮಾರು ಅರ್ಧ ಗಂಟೆ ಬರುತ್ತದೆ. ನಿಕೋಟಿನ್ ಮೈಗೆ ಸೇರಬೇಕಾಗಿರುವುದು ಬಾಯಿಯ ಒಳಚರ್ಮದಿಂದ, ಎಂಜಲಿನ ಜೊತೆ ನುಂಗಿಬಿಟ್ಟರೆ ಅದರಲ್ಲಿ ಬಹುಪಾಲು ದಂಡ, ಬಿಕ್ಕಳಿಕೆ ಬರುವುದೂ ಅದಕ್ಕೇ. ಕಾಫಿ, ಸೋಡಾ, ಹುಳಿ ಜ್ಯೂಸ್ ಕುಡಿದಿದ್ದರೆ 15 ನಿಮಿಷ ಬಿಟ್ಟು ಬಾಯಿಗೆ ಹಾಕಿ, ಬಾಯಿ ಹುಳಿಯಾಗಿದ್ದಾಗ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

2 ಮಿ.ಗ್ರಾಂ, 4 ಮಿ.ಗ್ರಾಂ ಅಂತ ಎರಡು ಥರ ಇದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 4. ನಾನು ಕಣ್ಣು ಬಿಟ್ಟ ಕೂಡಲೇ ಹಚ್ಚುತ್ತಿದ್ದವನು, ಆದರೂ ಹೆದರಿ 2 ತಗೊಂಡಿದ್ದೆ, ಅದು ಸಾಕಾಗಲೇ ಇಲ್ಲ. ಎರಡನೇ ಸಲ 4 ತಗೊಂಡೆ. ಮೊದಲ 6 ವಾರ ಒಂದೆರಡು ಗಂಟೆಗೊಂದು, ಆಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ 12 ವಾರಕ್ಕೆ ಮುಗಿಸಿದೆ. ರುಚಿ ಚೆನ್ನಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಇದೂ ನಿಕೋಟಿನ್ ತಾನೇ, ಏನು ವ್ಯತ್ಯಾಸ ಅಂತ ತುಂಬಾ ಜನ ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್ ನಿಜ, ಆದರೆ ಶ್ವಾಸಕೋಶ ಹಾಳು ಮಾಡುವುದು, ಕ್ಯಾನ್ಸರ್ ತರುವುದು ಹೊಗೆ, ಅದರಲ್ಲಿರುವ ಟಾರ್ ಮತ್ತು ನೂರೆಂಟು ವಿಷ. ಗಮ್‌ನಲ್ಲಿ ಹೊಗೆಯೇ ಇಲ್ಲ, ಅಲ್ವಾ? ಏನೂ ನೆರವಿಲ್ಲದೆ ಬಿಡಲು ನೋಡುವವರಿಗಿಂತ ಇಂಥದ್ದನ್ನು ಬಳಸಿದವರು ಗೆಲ್ಲುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು.

ಬಿಟ್ಟ 20 ನಿಮಿಷಕ್ಕೆ ನಾಡಿಬಡಿತ ಇಳಿಯುತ್ತದೆ, ಕೆಲವೇ ದಿನದಲ್ಲಿ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಮಾಮೂಲಿ ಮಟ್ಟಕ್ಕೆ ಬರುತ್ತದೆ, ವರ್ಷ ಕಳೆದರೆ ಸೇದುವವರಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯ ಅರ್ಧಕ್ಕಿಳಿಯುತ್ತದೆ. ಇವೆಲ್ಲ ಕಣ್ಣಿಗೆ ಕಾಣಲ್ಲ. ನನಗೆ ಗೊತ್ತಾಗಿದ್ದು ಕೆಮ್ಮಿನಿಂದ. ಮೊದಲ ಕೆಲವು ವಾರ ಕೆಮ್ಮು ಜಾಸ್ತಿಯೇ ಆಗಿತ್ತು, ಹೆದರಬೇಡಿ, ಶ್ವಾಸನಾಳದ ಒಳಗಿನ ಕೂದಲಿನಂಥ ಸಣ್ಣ ಎಳೆಗಳು ಮತ್ತೆ ಕೆಲಸ ಶುರು ಮಾಡಿ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಎಷ್ಟೋ ವರ್ಷದಿಂದ ನಾನು ಎದ್ದಿದ್ದು ಮನೆಯವರಿಗೆಲ್ಲ ತಿಳಿಯುತ್ತಿದ್ದುದೇ ಬಚ್ಚಲಿನಿಂದ ಕೇಳುವ ಕೆಮ್ಮಿನಿಂದ. ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ಹೆಂಡತಿ ರೂಮಿನಿಂದ ಹೊರಗೆ ಬಂದವಳು, ಪೇಪರ್ ಓದುತ್ತಾ ಕೂತಿದ್ದ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. "ಯಾವಾಗ ಎದ್ರಿ? ಗೊತ್ತೇ ಆಗಲಿಲ್ವಲ್ಲ!" ಅಂದಳು.