ಕಪಾಟಿನ ಗ್ರೂವ್‌ಗೆ ಯಾವ ಗೈಡ್ ಒಳ್ಳೆಯದು: ನೇರ ಪಟ್ಟಿ, ಎಡ್ಜ್ ಗೈಡ್, ಅಡ್ಜಸ್ಟಬಲ್ ಜಿಗ್

ಅಂಗಡಿಯಲ್ಲಿ 18 ಎಂಎಂ ಎಂದು ಕೊಡುವ ಪ್ಲೈವುಡ್ ಸರಿಯಾಗಿ 18 ಎಂಎಂ ಇರುವುದು ಅಪರೂಪ. ಪುಸ್ತಕದ ಕಪಾಟಿಗೆಂದು ನಾನು ತಂದ ಹಾಳೆಯನ್ನು ವರ್ನಿಯರ್‌ನಲ್ಲಿ ಹಿಡಿದರೆ ಒಂದು ತುದಿಯಲ್ಲಿ 17.4, ಇನ್ನೊಂದು ತುದಿಯಲ್ಲಿ 17.6. ಅದಕ್ಕೆ ರೂಟರಿಗೆ (ಮರ ಕೊರೆಯುವ ಯಂತ್ರಕ್ಕೆ) 18 ಎಂಎಂ ಬಿಟ್ (ತಿರುಗುವ ಅಲಗು) ಹಾಕಿ ಗ್ರೂವ್, ಅಂದರೆ ಹಲಗೆ ಕೂರುವ ಕಾಲುವೆ, ಹೊಡೆದರೆ ಹಲಗೆ ಒಳಗೆ ಅಲುಗಾಡುತ್ತದೆ, ಎದುರಿನಿಂದ ಸಂದು ಕಾಣುತ್ತದೆ. ಹಲಗೆಯ ಎರಡೂ ಮುಖಕ್ಕೆ 1 ಎಂಎಂ ಮೈಕಾ ಅಂಟಿಸಿದರಂತೂ ದಪ್ಪ 19.5ರ ಹತ್ತಿರ ಹೋಗುತ್ತದೆ. ಆ ಅಳತೆಯ ಬಿಟ್ ಹುಡುಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಚಿಕ್ಕ ಬಿಟ್ ಹಾಕಿ, ಎರಡು ಸಲ ಓಡಿಸಿ, ಬೇಕಾದಷ್ಟು ಅಗಲ ಮಾಡುವುದೇ ದಾರಿ. ಹಾಗೆ ಓಡಿಸುವಾಗ ರೂಟರ್ ಯಾವುದರ ಆಸರೆಯಲ್ಲಿ ಹೋಗಬೇಕು ಎನ್ನುವುದೇ ಪ್ರಶ್ನೆ.

ಮೊದಲು ಎಲ್ಲರೂ ಮಾಡುವ ಕೆಲಸ, ನೇರ ಪಟ್ಟಿಯನ್ನು ಕ್ಲಾಂಪ್ ಮಾಡುವುದು. ಒಂದು ಎಂಡಿಎಫ್ ತುಂಡೋ ಅಲ್ಯೂಮಿನಿಯಂ ಚಾನೆಲ್ಲೋ ಇದ್ದರೆ ಸಾಕು, ಖರ್ಚಿಲ್ಲ. ಬಿಟ್ಟಿನ ಅಂಚಿನಿಂದ ರೂಟರ್ ಬೇಸಿನ (ತಳದ ತಟ್ಟೆಯ) ಅಂಚಿನವರೆಗೆ ಅಳೆದು, ಗೆರೆಯಿಂದ ಅಷ್ಟು ದೂರಕ್ಕೆ ಪಟ್ಟಿ ಬಿಗಿಯಬೇಕು. ಒಂದೆರಡು ಗ್ರೂವ್‌ಗೆ ಇದಕ್ಕಿಂತ ಬೇರೇನೂ ಬೇಡ. ತೊಂದರೆ ಎರಡನೇ ಓಟದಲ್ಲಿ. 12 ಎಂಎಂ ಬಿಟ್ಟಿನಿಂದ 17.5ರ ಗ್ರೂವ್ ಬೇಕೆಂದರೆ ಪಟ್ಟಿಯನ್ನು ಸರಿಯಾಗಿ 5.5 ಎಂಎಂ ಸರಿಸಬೇಕು. ಕ್ಲಾಂಪ್ ಬಿಗಿಯುವಾಗ ಪಟ್ಟಿ ಅರ್ಧ ಎಂಎಂ ಜಾರುವುದು ಏನೂ ದೊಡ್ಡ ಮಾತಲ್ಲ, ಅಷ್ಟು ಜಾರಿದರೆ ಜಾಯಿಂಟ್ ಸಡಿಲ. ಇನ್ನೊಂದು ವಿಷಯ: ಎಷ್ಟೋ ರೂಟರ್‌ಗಳಲ್ಲಿ ಬಿಟ್ ದುಂಡು ಬೇಸಿನ ನಟ್ಟನಡುವೆ ಇರುವುದಿಲ್ಲ. ಓಡಿಸುತ್ತಾ ಹಿಡಿಕೆ ತಿರುಗಿದರೆ ಗ್ರೂವ್ ಕೂಡ ಅಷ್ಟು ಸೊಟ್ಟಗಾಗುತ್ತದೆ. ಹಿಡಿಕೆಯ ದಿಕ್ಕು ಮೊದಲಿನಿಂದ ಕೊನೆಯವರೆಗೆ ಒಂದೇ ಇರಲಿ.

ರೂಟರ್ ಜೊತೆಗೇ ಬರುವ, ಸರಳಿನಿಂದ ಬೇಸಿಗೆ ಸಿಕ್ಕಿಸಿ ಹಲಗೆಯ ಅಂಚಿಗೆ ಒತ್ತಿ ಓಡಿಸುವ ಎಡ್ಜ್ ಗೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲಗೆಯ ಅಂಚಿಗೆ ಸಮಾನಾಂತರವಾಗಿ, ಅಂಚಿನ ಹತ್ತಿರದಲ್ಲೇ ಓಡುವ ಗ್ರೂವ್‌ಗೆ ಅದು ಹೇಳಿ ಮಾಡಿಸಿದ್ದು. ಆರಡಿ ಎತ್ತರದ ಬದಿ ಹಲಗೆಯ ನಡುವೆ ಅಡ್ಡ ಗ್ರೂವ್ ಬೇಕಾದರೆ ಅದರ ಸರಳು ಅಲ್ಲಿಗೆ ತಲುಪುವುದೇ ಇಲ್ಲ.

ಇನ್ನು ಅಡ್ಜಸ್ಟಬಲ್ ಜಿಗ್, ಅಂದರೆ ಗ್ರೂವಿನ ಅಗಲಕ್ಕೆ ಹೊಂದಿಸಿಕೊಳ್ಳಬಹುದಾದ ಆಸರೆ ಚೌಕಟ್ಟು. ನಾನು ಎರಡು ಬಗೆಯದನ್ನು ಬಳಸಿ ನೋಡಿದೆ: ಮನೆಯಲ್ಲೇ 12 ಎಂಎಂ ಪ್ಲೈನಲ್ಲಿ ಮಾಡಿದ್ದು, ಮತ್ತು ಕೊಂಡು ತಂದ ಅಲ್ಯೂಮಿನಿಯಂನದು.

ಮನೆಯ ಜಿಗ್‌ನಲ್ಲಿ ಇರುವುದು ಎರಡು ನೇರ ಪಟ್ಟಿ, ಎರಡು ಅಡ್ಡಪಟ್ಟಿ. ಒಂದು ಪಟ್ಟಿಯನ್ನು ಮೂಲೆಮಟ್ಟ ಹಿಡಿದು ಅಡ್ಡಪಟ್ಟಿಗೆ ಖಾಯಂ ಆಗಿ ಸ್ಕ್ರೂ ಮಾಡಿದೆ. ಇನ್ನೊಂದು, ಉದ್ದ ತೂತಿನಲ್ಲಿ ಬೋಲ್ಟ್ ಮತ್ತು ನಾಬ್ ಹಾಕಿದ್ದರಿಂದ, ಹಿಂದೆ ಮುಂದೆ ಜಾರುತ್ತದೆ. ಬಿಟ್ ಮೇಲ್ಗಡೆ ತನ್ನಷ್ಟೇ ಅಗಲದ ಬೇರಿಂಗ್ ಇರುವ ಅರ್ಧ ಇಂಚಿನದು. ಬೇರಿಂಗ್ ಪಟ್ಟಿಯ ಅಂಚನ್ನು ಸವರಿಕೊಂಡು ಹೋಗುತ್ತದೆ, ಹಾಗಾಗಿ ಪಟ್ಟಿಯ ಅಂಚು ಎಲ್ಲಿದೆಯೋ ಗ್ರೂವಿನ ಅಂಚೂ ಅಲ್ಲೇ. ಬೇಸ್ ನಡುವಿನಲ್ಲಿದೆಯೋ ಇಲ್ಲವೋ ಎಂಬ ಚಿಂತೆಯೇ ಇಲ್ಲ.

ಅಗಲ ಹೊಂದಿಸುವುದಕ್ಕೆ ಟೇಪ್ ಬೇಡ. ಗ್ರೂವಿನಲ್ಲಿ ಕೂರಬೇಕಾದ ಅದೇ ಹಲಗೆಯಿಂದ ಕತ್ತರಿಸಿದ ಎರಡು ತುಂಡನ್ನು ಪಟ್ಟಿಗಳ ನಡುವೆ, ಈ ತುದಿಗೊಂದು ಆ ತುದಿಗೊಂದು, ನಿಲ್ಲಿಸಿ. ಜಾರುವ ಪಟ್ಟಿಯನ್ನು ಅಂಗೈಯಿಂದ ಒತ್ತಿ ನಾಬ್ ಬಿಗಿಯಿರಿ. ತುಂಡು ಎಳೆದರೆ ಸ್ವಲ್ಪ ಉಜ್ಜಿಕೊಂಡು ಬರಬೇಕು, ಬಲ ಹಾಕುವಂತಿರಬಾರದು. ಮೈಕಾ ಹಾಕುವ ಹಲಗೆಯಾದರೆ ಮೈಕಾ ಅಂಟಿಸಿದ ತುಂಡನ್ನೇ ಇಡಿ. ವರ್ನಿಯರ್ ಮೂರು ಕಡೆ ಮೂರು ಅಂಕಿ ತೋರಿಸುವ ಪ್ಲೈನಲ್ಲಿ ಅಳತೆಯನ್ನು ಹಲಗೆಯಿಂದಲೇ ತೆಗೆಯುವುದು ಎಷ್ಟು ದೊಡ್ಡ ಅನುಕೂಲ ಎಂದು ಮಾಡಿ ನೋಡಿದವರಿಗೇ ಗೊತ್ತು. ನನಗಂತೂ ಈ ಜಿಗ್ ಇಷ್ಟವಾಗಲು ಇದೇ ಮುಖ್ಯ ಕಾರಣ.

ಮೊದಲ ಸಲ ಓಡಿಸಿದಾಗ ಬಿಟ್ ಅಡ್ಡಪಟ್ಟಿಯನ್ನೂ ಕೊರೆಯುತ್ತದೆ. ಆ ಗುರುತು ಉಪಯೋಗಕ್ಕೆ ಬರುತ್ತದೆ: ಖಾಯಂ ಪಟ್ಟಿಯ ಕಡೆಯ ಅಂಚು ಎಂದೂ ಬದಲಾಗುವುದಿಲ್ಲವಾದ್ದರಿಂದ ಅದನ್ನೇ ಪೆನ್ಸಿಲ್ ಗೆರೆಗೆ ಕೂಡಿಸಿದರೆ ಜಾಗ ಸರಿಯಾಯಿತು. ಪಟ್ಟಿಗಳನ್ನು 70 ಸೆಂಟಿಮೀಟರ್ ಉದ್ದ ಇಟ್ಟುಕೊಂಡೆ. 30 ಸೆಂಟಿಮೀಟರ್ ಅಗಲದ ಎರಡೂ ಬದಿ ಹಲಗೆಗಳನ್ನು ಒತ್ತೊತ್ತಾಗಿ ಮಲಗಿಸಿ ಒಂದೇ ಓಟದಲ್ಲಿ ಗ್ರೂವ್ ಹೊಡೆಯಬಹುದು, ಎಡ ಬಲ ಏರುಪೇರಾಗುವುದಿಲ್ಲ.

ಓಡಿಸುವ ದಿಕ್ಕು ತಪ್ಪಬಾರದು. ಮೇಲಿನಿಂದ ನೋಡಿದರೆ ಬಿಟ್ ಪ್ರದಕ್ಷಿಣೆಯಾಗಿ ತಿರುಗುತ್ತದೆ, ಹಾಗಾಗಿ ಮುಂದಕ್ಕೆ ತಳ್ಳಿದ ರೂಟರ್ ಎಡಕ್ಕೆ ವಾಲುತ್ತದೆ. ಎಡ ಪಟ್ಟಿಗೆ ಒತ್ತಿ ಮುಂದಕ್ಕೆ ಹೋಗಿ, ಬಲ ಪಟ್ಟಿಗೆ ಒತ್ತಿ ನಿಮ್ಮ ಕಡೆಗೆ ಎಳೆದುಕೊಳ್ಳಿ. 6 ಎಂಎಂ ಆಳದ ಗ್ರೂವ್ ಅನ್ನು ಒಂದೇ ಏಟಿಗೆ ತೆಗೆಯದೆ 3 ಎಂಎಂನಂತೆ ಎರಡು ಸಲ ಮಾಡಿದರೆ ಸಣ್ಣ ಟ್ರಿಮ್ಮರ್ (ಪುಟ್ಟ ರೂಟರ್) ಕೂಡ ಒದ್ದಾಡುವುದಿಲ್ಲ. ಬಿಟ್ ಕೊಳ್ಳುವಾಗ ಎರಡು ವಿಷಯ ನೋಡಿ. ಬ್ಲೇಡ್ ಉದ್ದವಿದ್ದರೆ ಮೊದಲ ಓಟದಲ್ಲಿ ಬೇರಿಂಗ್ ಪಟ್ಟಿಗಿಂತ ಮೇಲೆ ಉಳಿದು, ಪಟ್ಟಿಯನ್ನೇ ಕೊರೆದುಹಾಕುತ್ತದೆ. 12 ಎಂಎಂ ಪಟ್ಟಿಗೆ ಅರ್ಧ ಇಂಚಿನೊಳಗಿನ ಬ್ಲೇಡ್ ಇರಲಿ. ಕಾಲು ಇಂಚು ಶ್ಯಾಂಕ್ (ಬಿಟ್ಟಿನ ಹಿಡಿ) ಎಂದರೆ 6.35 ಎಂಎಂ, 6 ಎಂಎಂ ಕಾಲೆಟ್‌ಗೆ (ರೂಟರ್ ಅದನ್ನು ಹಿಡಿಯುವ ಬಾಯಿಗೆ) ಅದು ಹೋಗುವುದಿಲ್ಲ. 6ರದನ್ನು ಕಾಲಿಂಚಿನ ಕಾಲೆಟ್‌ನಲ್ಲಿ ಬಿಗಿಯುವ ಸಾಹಸವಂತೂ ಬೇಡವೇ ಬೇಡ, ಓಡುವಾಗ ಜಾರಿ ಹೊರಬರುತ್ತದೆ.

ಕೊಂಡ ಜಿಗ್ ಕೆಲಸ ಮಾಡುವ ರೀತಿ ಬೇರೆ. ಅದಕ್ಕೆ ಬೇರಿಂಗ್ ಬಿಟ್ ಬೇಕಿಲ್ಲ. ಬಿಟ್ಟಿನ ಅಗಲವನ್ನು ಒಂದು ಸ್ಟಾಪ್‌ನಲ್ಲಿ (ತಡೆಯಲ್ಲಿ), ಹಲಗೆಯ ದಪ್ಪವನ್ನು ಇನ್ನೊಂದರಲ್ಲಿ ಹೊಂದಿಸಿದರೆ ರೂಟರ್ ಬೇಸ್ ಅವೆರಡರ ವ್ಯತ್ಯಾಸದಷ್ಟೇ ಪಕ್ಕಕ್ಕೆ ಓಡಾಡುತ್ತದೆ. 6 ಎಂಎಂನ ಮಾಮೂಲಿ ನೇರ ಬಿಟ್ ಸಾಕು, ಹಾಗಾಗಿ 9 ಅಥವಾ 12 ಎಂಎಂ ಪ್ಲೈಗೂ ಗ್ರೂವ್ ಹೊಡೆಯಬಹುದು. ಅರ್ಧ ಇಂಚಿನ ಬೇರಿಂಗ್ ಬಿಟ್ಟಿನಿಂದ ಅದು ಆಗದ ಕೆಲಸ, ಗ್ರೂವ್ ಬಿಟ್ಟಿಗಿಂತ ಸಣ್ಣದಾಗಲು ಸಾಧ್ಯವಿಲ್ಲವಲ್ಲ. ಆದರೆ ಬಿಟ್ ಬದಲಿಸಿದಾಗೆಲ್ಲ ಮತ್ತೆ ಹೊಂದಿಸಿ ಚೂರಿನ ಮೇಲೆ ಪರೀಕ್ಷಿಸಬೇಕು. ನನ್ನ ರೂಟರ್‌ನ ಸ್ಕ್ರೂ ತೂತುಗಳು ಅದರ ಪ್ಲೇಟಿಗೆ ಕೂಡದೆ ಹೊಸ ತೂತು ಕೊರೆಯಬೇಕಾಯಿತು. ಟ್ರ್ಯಾಕಿನಲ್ಲಿ ಹೊಟ್ಟು ತುಂಬಿದರೆ ಸ್ಟಾಪ್ ಸರಿಯಾಗಿ ಕೂರುವುದಿಲ್ಲ, ಪ್ರತಿ ಓಟಕ್ಕೂ ಬ್ರಷ್ ಹಿಡಿಯಬೇಕು. ಜೋರಾಗಿ ಒತ್ತಿದರೆ ನಡುವಿನಲ್ಲಿ ಜಿಗ್‌ನ ಪಟ್ಟಿ ಸ್ವಲ್ಪ ಬಾಗುತ್ತದೆ ಕೂಡ.

ಕಪಾಟು, ವಾರ್ಡ್‌ರೋಬ್ ಎಂದು ಒಂದೇ ದಪ್ಪದ ಗ್ರೂವ್‌ಗಳು ಸಾಲುಸಾಲಾಗಿ ಬೇಕಾದಾಗ ನಾನು ಕೈ ಹಾಕುವುದು ಮನೆಯ ಜಿಗ್‌ಗೇ. ಡ್ರಾಯರ್‌ನಂಥ ತೆಳು ಹಲಗೆಯ ಕೆಲಸಕ್ಕೆ ಅಲ್ಯೂಮಿನಿಯಂನದು. ಎರಡರಲ್ಲಿ ಯಾವುದಾದರೂ ಸರಿ, ಬಿಟ್ ಹೊರಬರುವ ತುದಿಯಲ್ಲಿ ವೆನಿಯರ್ (ಪ್ಲೈನ ತೆಳು ಮೇಲ್ಪದರ) ಕಿತ್ತು ಬರದಂತೆ ಗೆರೆಯನ್ನು ಮೊದಲೇ ಚಾಕುವಿನಿಂದ ಕೊಯ್ದು, ಒಂದು ಚೂರು ಮರವನ್ನು ಒತ್ತಿ ಕ್ಲಾಂಪ್ ಮಾಡಿ. ಹಿಂಬದಿಯ 6 ಎಂಎಂ ಪ್ಲೈ ಕೂರಲು ಉದ್ದುದ್ದಕ್ಕೆ ಬೇಕಾಗುವ ಗ್ರೂವ್‌ಗೆ ಮಾತ್ರ ಎರಡು ಜಿಗ್‌ಗಳನ್ನೂ ಪಕ್ಕಕ್ಕಿಟ್ಟು ಎಡ್ಜ್ ಗೈಡ್ ಸಿಕ್ಕಿಸಿಕೊಳ್ಳುತ್ತೇನೆ, ಆರಡಿ ಉದ್ದಕ್ಕೆ ಎರಡರಲ್ಲಿ ಒಂದೂ ಸಾಲುವುದಿಲ್ಲ.