ಫಿಲಂ ರೋಲ್, ಏರ್‌ಪೋರ್ಟ್ ಎಕ್ಸ್‌ರೇ: ಕೈ ಚೆಕ್ಕಾ, ಸೀಸದ ಚೀಲಾನಾ, ರೈಲಾ?

ತೊಳೆಯದೇ ಇರೋ ಫಿಲಂನ ಏರ್‌ಪೋರ್ಟ್ ಎಕ್ಸ್‌ರೇ ಮಂಕು ಮಾಡತ್ತೆ ಅಂತಾರೆ, ಎಷ್ಟು ಅಂತ ನಾನೇ ನೋಡೋಣ ಅನ್ಕೊಂಡೆ. ಒಂದೇ ಬ್ಯಾಚ್ ನಂಬರಿಂದು ಐದು ರೋಲ್ ಇಲ್ಫರ್ಡ್ ಎಚ್‌ಪಿ5 ಕಪ್ಪು ಬಿಳುಪು ಫಿಲಂ ತಗೊಂಡೆ, 400 ಐಎಸ್‌ಓ (ಈ ನಂಬರ್ ಜಾಸ್ತಿ ಆದಷ್ಟೂ ಫಿಲಂ ಬೆಳಕಿಗೂ ಎಕ್ಸ್‌ರೇಗೂ ಸೂಕ್ಷ್ಮ). ಐದರಲ್ಲೂ ಮೊದಲ ಹತ್ತು ಫ್ರೇಮ್ ನಮ್ಮನೆ ತಾರಸಿ ಮೇಲಿರೋ ನೀರಿನ ಟ್ಯಾಂಕು, ಅದೇ ಬೆಳಕು, ಅದೇ ಎಕ್ಸ್‌ಪೋಷರ್. ಟ್ಯಾಂಕ್ ಏನು ಎದ್ದು ಓಡೋಗತ್ತಾ, ಐವತ್ತು ಫೋಟೋ ಯಾಕೆ ಅಂತ ನನ್ ಹೆಂಡ್ತಿ ಕೇಳಿದ್ಲು. ಒಂದು ರೋಲ್ ಫ್ರಿಡ್ಜಲ್ಲಿ ಉಪ್ಪಿನಕಾಯಿ ಡಬ್ಬಿ ಪಕ್ಕ ಇಟ್ಟೆ, ಮಿಕ್ಕ ನಾಲ್ಕನ್ನ ಬೇರೆ ಬೇರೆ ದಾರೀಲಿ ವಿಮಾನ ಹತ್ತಿಸಿದೆ. ಎಲ್ಲಾ ವಾಪಸ್ ಬಂದ್ಮೇಲೆ ಒಂದೇ ಕೆಮಿಕಲ್ಲಲ್ಲಿ, ಒಂದೇ ದಿನ ತೊಳ್ದು ಲೈಟ್ ಟೇಬಲ್ ಮೇಲೆ ಸಾಲಾಗಿ ಇಟ್ಟು ನೋಡ್ದೆ.

ಮೊದಲನೇದು, ಏನೂ ರಕ್ಷಣೆ ಇಲ್ದೆ ಕ್ಯಾಬಿನ್ ಬ್ಯಾಗಲ್ಲಿ. ಬೆಂಗಳೂರಿಂದ ಡೆಲ್ಲಿಗೆ ಹೋಗಿ ಬಂತು, ಎರಡೂ ಕಡೆ ಹಳೇ ಥರದ ಎಕ್ಸ್‌ರೇ ಮೆಷಿನ್ನು, ಲ್ಯಾಪ್‌ಟಾಪ್ ಹೊರಗೆ ತೆಗೆದು ಟ್ರೇಲಿ ಇಡಿಸ್ತಾರಲ್ಲ ಅದೇ. ಫ್ರಿಡ್ಜ್ ರೋಲ್ ಪಕ್ಕ ಇಟ್ರೆ ನನ್ ಕಣ್ಣಿಗೆ ವ್ಯತ್ಯಾಸ ಸಿಗ್ಲಿಲ್ಲ. ಹಾಗಂತ ಧೈರ್ಯ ಜಾಸ್ತಿ ಮಾಡ್ಬೇಡಿ, ಎಕ್ಸ್‌ರೇ ಹೊಡ್ತ ಒಂದ್ರ ಮೇಲೊಂದು ಕೂಡ್ತಾ ಹೋಗತ್ತೆ, ಎರಡು ಸಲಕ್ಕೆ ಕಾಣ್ದೇ ಇದ್ದಿದ್ದು ಹತ್ತನೇ ಸಲಕ್ಕೆ ಕಾಣ್ಬೋದು. ಮತ್ತೆ ಇದು 400ರ ಮಾತು, 800 ಅಥವಾ 3200 ಫಿಲಂ ಆದ್ರೆ ನಾನಂತೂ ಈ ದಾರೀಗೆ ಹೋಗಲ್ಲ, 400ನ್ನೇ 1600ಕ್ಕೆ ಪುಶ್ ಮಾಡೋ (1600 ಅಂತ ಅಂದ್ಕೊಂಡು ಫೋಟೋ ತೆಗೆದು ಜಾಸ್ತಿ ಹೊತ್ತು ತೊಳೆಯೋ) ಪ್ಲಾನ್ ಇದ್ರೂ ಅಷ್ಟೇ.

ಎರಡನೇದು ಸೀಸದ ಚೀಲ, ಎಕ್ಸ್‌ರೇ ತಡೆಯತ್ತೆ ಅಂತ ಫಿಲಂ ಹಾಕಿಡೋಕೆ ಮಾರೋದು. ದುಡ್ಡು ಕೊಟ್ಟಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ಸ್ಕ್ರೀನಲ್ಲಿ ಅದು ಒಂದು ಕಪ್ಪು ಗಡ್ಡೆ ಥರ ಕಾಣತ್ತೆ, ಒಳಗೇನಿದೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅವರು ಸುಮ್ನೆ ಬಿಡ್ತಾರಾ? ಬ್ಯಾಗ್ ಪಕ್ಕಕ್ಕೆ ಎಳೆದ್ರು, ಚೀಲ ತೆಗೆಸಿದ್ರು, ರೋಲನ್ನ ಟ್ರೇಲಿ ಬರಿಮೈಲಿ ಇಟ್ಟು ಮತ್ತೆ ಅದೇ ಮೆಷಿನ್ನಿಗೆ ಕಳ್ಸಿದ್ರು. ಅಂದ್ರೆ ರಕ್ಷಣೆಗೆ ಅಂತ ಹಾಕಿದ್ದು ಎರಡನೇ ಎಕ್ಸ್‌ರೇ ತಂದುಕೊಡ್ತು. ಫಿಲಂಗೆ ಏನೂ ಆಗಿರ್ಲಿಲ್ಲ, ಸರಿ, ಆದ್ರೆ ಅದು ಚೀಲದ ಪುಣ್ಯ ಅಲ್ಲ. ಈಗ ಆ ಚೀಲ ನಮ್ಮನೇಲಿ ಗಾಳಿಗೆ ಕಿಟಕಿ ಬಡ್ಕೊಳ್ದೇ ಇರ್ಲಿ ಅಂತ ತೂಕಕ್ಕೆ ಕೂತಿದೆ.

ಮೂರನೇದು ಬೇಕು ಅಂತ್ಲೇ ಚೆಕ್‌ಇನ್ ಸೂಟ್‌ಕೇಸಲ್ಲಿ ಹಾಕಿದ್ದು. ಯಾರೂ ಮಾಡ್ಬೇಡಿ ಅಂತ ಎಲ್ಲರೂ ಹೇಳ್ತಾರೆ, ನಾನು ಮಾಡಿ ನೋಡ್ದೆ, ಅವರು ಹೇಳಿದ್ದೇ ಸರಿ. ಅಲ್ಲಿರೋ ಮೆಷಿನ್ ಜೋರು. ನೆಗೆಟಿವ್ ಪೂರ್ತಿ ಬೂದಿ ಬಣ್ಣ, ಟ್ಯಾಂಕ್ ಕೆಳಗಿನ ನೆರಳಲ್ಲಿದ್ದ ಪೈಪು ಮಾಯ, ಜೊತೆಗೆ ಅಲೆ ಥರ ಪಟ್ಟೆ, ಸ್ವಲ್ಪ ಸ್ವಲ್ಪ ದೂರಕ್ಕೆ ಅದೇ ಮತ್ತೆ ಮತ್ತೆ. ಫಿಲಂ ಒಳಗೆ ಸುರುಳಿ ಸುತ್ಕೊಂಡಿರತ್ತಲ್ಲ, ಕಿರಣ ಅಡ್ಡ ಹೊಕ್ಕಿದ್ದು ಬಿಚ್ಚಿದಾಗ ಅಲೆ ಆಗಿ ಕಾಣತ್ತೆ.

ನಾಲ್ಕನೇದು ಸಿಟಿ ಸ್ಕ್ಯಾನರ್. ದಪ್ಪಕ್ಕೆ ದುಂಡಗೆ, ಆಸ್ಪತ್ರೆ ಸಿಟಿ ಸ್ಕ್ಯಾನ್ ಮೆಷಿನ್ನಿನ ತಮ್ಮನ ಥರ ಇರತ್ತೆ, ಲ್ಯಾಪ್‌ಟಾಪ್ ನೀರು ಏನೂ ತೆಗೀಬೇಡಿ ಅಂತ ಹೇಳಿದ್ರು ಅಂದ್ರೆ ಬಹುಶಃ ಇದೇ ಅಂತ ಅನುಮಾನ ಪಡಿ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ ಕ್ಯಾಬಿನ್ ಬ್ಯಾಗಿಗೆ ಇದೇ ಮೆಷಿನ್. ಅಲ್ಲಿ ಪ್ರಯೋಗದ ರೋಲ್ ಒಂದನ್ನ ಬ್ಯಾಗಲ್ಲೇ ಬಿಟ್ಟು, ಮಿಕ್ಕ ಒಳ್ಳೇ ರೋಲೆಲ್ಲ ಕೈಲಿ ಹಿಡ್ಕೊಂಡು ಹ್ಯಾಂಡ್ ಚೆಕ್, ಅಂದ್ರೆ ಮೆಷಿನ್ನಿಗೆ ಹಾಕ್ದೆ ಕೈಯಲ್ಲೇ ನೋಡಿ ಅಂತ ಕೇಳ್ದೆ, ಮಾಡ್ಕೊಟ್ರು. ಬ್ಯಾಗಲ್ಲಿದ್ದಿದ್ದು ಒಂದೇ ಸಲಕ್ಕೆ ಮಂಕು, ಗ್ರೇನ್ (ಮರಳಿನ ಥರ ಕಾಣೋ ಚುಕ್ಕೆ) ಜಾಸ್ತಿ, ಕಪ್ಪು ಇರ್ಬೇಕಾದ ಜಾಗ ಹಾಲು ಬೆರೆಸಿದಂಗೆ. ಸೂಟ್‌ಕೇಸಿಂದಷ್ಟು ಹಾಳಲ್ಲ, ಆದ್ರೆ ಮದುವೆ ಫೋಟೋ ಆಗಿದ್ರೆ ಅತ್ತೆ ಮನೇಲಿ ಮುಖ ತೋರ್ಸಕ್ಕಾಗ್ತಿರ್ಲಿಲ್ಲ. ಕೊಡಕ್ ಕಂಪನಿನೇ ಸಿಟಿ ಮೆಷಿನ್ನಿಗೆ ಫಿಲಂ ಕೊಡ್ಬೇಡಿ ಅಂತ ಹೇಳತ್ತೆ, ಇಲ್ಲಿ 100 ಐಎಸ್‌ಓ ಇದೆ ಬಿಡು ಅನ್ನೋ ಸಮಾಧಾನನೂ ಇಲ್ಲ.

ಹಂಗಾಗಿ ನನ್ನ ಓಟು ಕೈ ಚೆಕ್‌ಗೆ, ಆದ್ರೆ ಅದು ಎದುರಿಗಿರೋರ ಮೂಡಿನ ಮೇಲೆ ನಿಂತಿದೆ. ಅಮೆರಿಕದಲ್ಲಿ ಕೇಳೋದಕ್ಕೆ ನಿಯಮದಲ್ಲೇ ಜಾಗ ಇದೆ. ನಮ್ಮಲ್ಲಿ ನನಗೆ ಒಂದು ಕಡೆ ಸ್ಫೋಟಕ ಇದೆಯಾ ಅಂತ ಬಟ್ಟೆ ಪಟ್ಟಿ ಒರೆಸಿ ನೋಡಿ ನಗ್ತಾ ವಾಪಸ್ ಕೊಟ್ಟಿದ್ದಾರೆ, ಇನ್ನೊಂದು ಏರ್‌ಪೋರ್ಟಲ್ಲಿ ಮಾತು ಮುಗಿಯೋ ಮುಂಚೆ ಟ್ರೇ ಒಳಗೆ ತಳ್ಳಿದ್ದಾರೆ. ರೀಲ್ ಇದೆ ಸಾರ್ ಅಂದಾಗ ಚಿಕ್ಕ ಹುಡುಗ ಫೋನ್ ಕಡೆ ನೋಡ್ದ, ಪಕ್ಕದಲ್ಲಿದ್ದ ವಯಸ್ಸಾದ ಸಾಹೇಬ್ರಿಗೆ ಮಾತ್ರ ತಕ್ಷಣ ಅರ್ಥ ಆಯ್ತು. ನಂಗೆ ಕೆಲಸಕ್ಕೆ ಬಂದಿದ್ದು ಇಷ್ಟು: ರೋಲನ್ನ ರಟ್ಟಿನ ಡಬ್ಬಿಯಿಂದ ತೆಗೆದು ಪಾರದರ್ಶಕ ಜಿಪ್ ಕವರಲ್ಲಿ ಹಾಕಿ ಕೈಲೇ ಇಟ್ಕೊಳ್ಳೋದು, ಜನ ಕಮ್ಮಿ ಇರೋ ಹೊತ್ತಿಗೆ ಹೋಗೋದು, ಬ್ಯಾಗ್ ಬೆಲ್ಟ್ ಮೇಲೆ ಇಡೋ ಮುಂಚೆನೇ ಕೇಳೋದು. ಕವರಲ್ಲಿ ಒಂದು 3200 ರೋಲ್ ಮೇಲ್ಗಡೆ ಕಾಣೋ ಹಾಗೆ ಇಡ್ತೀನಿ, ನಂಬರ್ ನೋಡಿದ್ರೆ ಅವರಿಗೂ ಒಪ್ಪೋದು ಸುಲಭ. ಕ್ಯಾಮೆರಾದಲ್ಲಿ ಅರ್ಧ ತೆಗೆದ ರೋಲ್ ಮಾತ್ರ ಇಟ್ಕೋಬೇಡಿ, ಹಿಂದಿನ ಬಾಗಿಲು ತೆಗೆದು ತೋರಿಸಿ ಅಂದ್ರೆ ಮುಗೀತು ಕಥೆ.

ಇದೆಲ್ಲಕ್ಕಿಂತ ನಿಶ್ಚಿಂತೆ ಬೇಕಾದ್ರೆ ಫಿಲಂನ ಹೋದ ಊರಲ್ಲೇ ಕೊಂಡು ಅಲ್ಲೇ ಲ್ಯಾಬಲ್ಲಿ ತೊಳೆಸಿ ಬನ್ನಿ, ತೊಳೆದ ನೆಗೆಟಿವ್‌ಗೆ ಎಕ್ಸ್‌ರೇ ಏನೂ ಮಾಡಲ್ಲ. ಇಲ್ಲಾಂದ್ರೆ ರೈಲು. ಆದ್ರೆ ದೊಡ್ಡ ಸ್ಟೇಷನ್‌ಗಳ ಬಾಗಿಲಲ್ಲೂ ಬ್ಯಾಗ್ ಮೆಷಿನ್ ಇರತ್ತೆ, ನಮ್ಮ ಮೆಟ್ರೋದಲ್ಲಿ, ಡೆಲ್ಲಿ ಮೆಟ್ರೋದಲ್ಲಿ ಪ್ರತಿ ಸಲ ಒಳಗೆ ಹೋಗುವಾಗ್ಲೂ ಇರತ್ತೆ. ನಾನು ಆರು ತಿಂಗಳು ಒಂದೇ ರೋಲ್ ಕ್ಯಾಮೆರಾ ಬ್ಯಾಗಲ್ಲಿ ಹಾಕ್ಕೊಂಡು ಮೆಟ್ರೋದಲ್ಲಿ ಆಫೀಸಿಗೆ ಓಡಾಡಿದ್ದೀನಿ, ಎರಡು ವಿಮಾನಕ್ಕೆ ಇಷ್ಟು ತಲೆ ಕೆಡಿಸ್ಕೊಂಡೋನು ಅದನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಈಗ ರೋಲ್ ಜೇಬಲ್ಲಿ, ಮೆಟಲ್ ಡಿಟೆಕ್ಟರ್‌ನಿಂದ ಫಿಲಂಗೆ ತೊಂದ್ರೆ ಇಲ್ಲ.

ಡಿಸೆಂಬರಲ್ಲಿ ಡೆಲ್ಲೀಲಿ ಮದುವೆ ಇದೆ, ರಾತ್ರಿ ಬೆಳಕು, ಇಲ್ಫರ್ಡಿಂದೇ ಡೆಲ್ಟಾ 3200 ಫಿಲಂ ಬೇಕೇ ಬೇಕು. ಬರಿಗೈಲಿ ವಿಮಾನದಲ್ಲಿ ಹೋಗಿ ಫಿಲಂ ಅಲ್ಲೇ ಕೊಳ್ಳೋದು, ವಾಪಸ್ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ. ಟಿಕೆಟ್ ಆಗಿದೆ, ಸೈಡ್ ಲೋಯರ್ ಸಿಕ್ಕಿದೆ.