ಉತ್ತರ ನಾರ್ವೆಯಲ್ಲಿ ಹಾಯಿದೋಣಿ ಬಾಡಿಗೆಗೆ ಪಡೆಯುವವರ ಗಮನಕ್ಕೆ

ನಾರ್ವೆಯ ಬೋಡೊ ಬಂದರಿನಿಂದ ಲೋಫೋಟೆನ್ ದ್ವೀಪಗಳ ಕಡೆಗೆ ಬಾಡಿಗೆ ಹಾಯಿದೋಣಿಯಲ್ಲಿ ಹೊರಡುವವರು, ಲಂಗರಿನ ಸರಪಳಿಯನ್ನು ಪೂರ್ತಿಯಾಗಿ ಹೊರಗೆಳೆದು, ಅದರ ಕೊನೆಯ ಕೊಂಡಿ ದೋಣಿಗೆ ಭದ್ರವಾಗಿ ಬಿಗಿದಿದೆಯೇ ಎಂದು ಕಣ್ಣಾರೆ ನೋಡದೆ ಬಂದರು ಬಿಡಬಾರದು. ಕಳೆದ ಬೇಸಿಗೆಯಲ್ಲಿ ನಮಗೆ ದೋಣಿ ಕೊಟ್ಟ ಸಂಸ್ಥೆ ಅದಕ್ಕೆ ಅವಕಾಶವನ್ನೇ ನೀಡಲಿಲ್ಲ. ಹಿಂದಿನವರು ದೋಣಿಯನ್ನು ತಡವಾಗಿ ಮರಳಿಸಿದರೆಂದು ಹೇಳಿ, ಪರಿಶೀಲನಾ ಪಟ್ಟಿಗೆ ಅವಸರದಲ್ಲಿ ಸಹಿ ಹಾಕಿಸಿಕೊಂಡು, ಎಲ್ಲವೂ ಸರಿಯಾಗಿದೆ ಎಂಬ ಬಾಯಿಮಾತಿನ ಭರವಸೆಯೊಂದಿಗೆ ನಮ್ಮನ್ನು ಕಳುಹಿಸಿಬಿಟ್ಟರು.

ಆ ಕರಾವಳಿಯಲ್ಲಿ ಲಂಗರು ಎಷ್ಟು ಮುಖ್ಯವೆಂಬುದು ಅಲ್ಲಿನ ನೆಲವನ್ನು ನೋಡಿದವರಿಗೆ ಗೊತ್ತು. ನೀರಿನ ಮೇಲೆ ಗೋಡೆಯಂತೆ ನಿಂತಿರುವ ಬೆಟ್ಟ ನೀರಿನ ಕೆಳಗೂ ಹಾಗೆಯೇ ಇಳಿಯುವುದರಿಂದ, ದಡಕ್ಕೆ ಹತ್ತಿರವಿರುವ ಕೊಲ್ಲಿಗಳಲ್ಲೂ ಇಪ್ಪತ್ತು ಮೀಟರ್ ಆಳ ಸಾಮಾನ್ಯ. ಆಳದ ಮೂರರಿಂದ ಐದು ಪಟ್ಟು ಸರಪಳಿ ಬಿಡಬೇಕೆಂಬ ರೂಢಿಯ ಲೆಕ್ಕದಂತೆ ಅಲ್ಲಿ 60ರಿಂದ 100 ಮೀಟರ್ ಬೇಕಾಗುತ್ತದೆ. ಬಂಡೆಯ ಮೇಲೆ ದಟ್ಟವಾಗಿ ಬೆಳೆಯುವ ಕೆಲ್ಪ್ ಎಂಬ ಕಡಲಪಾಚಿಯಲ್ಲಿ ಲಂಗರು ನೆಲಕ್ಕೆ ಕಚ್ಚದೆ ಜಾರುತ್ತದೆ. ಬೆಟ್ಟದ ಮೇಲಿಂದ ಗಾಳಿ ಮುನ್ಸೂಚನೆಯಿಲ್ಲದೆ ಕೆಳಕ್ಕೆ ಬೀಸುವುದೂ ಉಂಟು.

ಲೋಫೋಟೆನ್‌ನ ಒಂದು ಕೊಲ್ಲಿಯಲ್ಲಿ ನಾವು ಮೊದಲ ಸಲ ಇಳಿಸಿದ ಲಂಗರು ಹಾಗೆಯೇ ಜಾರಿತು. ಮೇಲೆತ್ತಿದಾಗ ಅದರ ಕೊಕ್ಕೆಗೆ ತೋಳಿನಷ್ಟು ದಪ್ಪದ ಕಂದು ಪಾಚಿಯ ಕಟ್ಟು ಸುತ್ತಿಕೊಂಡಿತ್ತು. ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ಎರಡನೆಯ ಸಲ ಸರಪಳಿ ಇಳಿಯುತ್ತಿದ್ದಂತೆಯೇ ಮುಗಿದುಹೋಯಿತು. ಪಟ್ಟಿಯಲ್ಲಿ 60 ಮೀಟರ್ ಎಂದು ಬರೆದಿದ್ದ ಸರಪಳಿ ಅದರ ಅರ್ಧದಷ್ಟೂ ಇದ್ದಂತೆ ತೋರಲಿಲ್ಲ, ಅಳತೆಯ ಗುರುತುಗಳೂ ಅದರ ಮೇಲಿರಲಿಲ್ಲ. ಅದರ ತುದಿಯನ್ನು ಬಿಸಿಲಿಗೆ ಬಿಳಿಚಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿದ್ದ ತೆಳು ಹಗ್ಗದಿಂದ ಕಟ್ಟಿದ್ದರು. ಆ ಹಗ್ಗ ತುಂಡಾಗಿ ಲಂಗರು, ಸರಪಳಿ ಎರಡೂ ಸಮುದ್ರದ ಪಾಲಾದವು. ಪಟ್ಟಿಯಲ್ಲಿ ನಮೂದಿಸಿದ್ದ ಹೆಚ್ಚುವರಿ ಲಂಗರು ದೋಣಿಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮಧ್ಯರಾತ್ರಿಯ ಸೂರ್ಯನ ಬೆಳಕು ಇದ್ದುದರಿಂದ ಹತ್ತಿರದ ಮೀನುಗಾರಿಕಾ ಬಂದರನ್ನು ಹುಡುಕಿ ಸೇರಲು ಸಾಧ್ಯವಾಯಿತು.

ಬೋಡೊಗೆ ಮರಳಲು ಸುಮಾರು 50 ನಾಟಿಕಲ್ ಮೈಲಿ ಅಗಲದ ಸಮುದ್ರಭಾಗವಾದ ವೆಸ್ಟ್‌ಫ್ಯೋರ್ಡ್ ದಾಟಬೇಕು. ನೈಋತ್ಯದ ಗಾಳಿ ಬೀಸುವಾಗ ಇಳಿತದ ನೀರು ಅದಕ್ಕೆ ಎದುರಾಗಿ ಹೊರಗೆ ಹರಿದರೆ ಅಲ್ಲಿ ಅಲೆಗಳು ಕಡಿದಾಗಿ, ಒಂದರ ಹಿಂದೊಂದು ಒತ್ತೊತ್ತಾಗಿ ಏಳುತ್ತವೆ; ಅಂಥ ನೀರಿನಲ್ಲಿ ಇಂಜಿನ್ ಕೈಕೊಟ್ಟರೆ ದಡದ ಬಂಡೆಗೆ ಬಡಿಯದಂತೆ ದೋಣಿಯನ್ನು ತಡೆದು ನಿಲ್ಲಿಸಲು ಲಂಗರೇ ಕೊನೆಯ ಆಸರೆ. ಅದಿಲ್ಲದೆ ಸಾಗಿದ ಆ ದಿನದ ಆತಂಕ ನಮ್ಮ ಜೊತೆಗಿದ್ದ ಮಕ್ಕಳಿಗೂ ತಿಳಿಯುವಂತಿತ್ತು. ಇಂಥ ದೋಣಿ ಕೊಟ್ಟವರೇ ಸಾಲ್ಟ್‌ಸ್ಟ್ರೌಮೆನ್ ಜಲಸಂಧಿಯನ್ನೂ ನೋಡಿಬನ್ನಿ ಎಂದು ಮಾರ್ಗಸೂಚಿಯಲ್ಲಿ ಮುದ್ರಿಸಿದ್ದರು. ಸುಮಾರು 150 ಮೀಟರ್ ಅಗಲದ ಆ ಕಿಂಡಿಯಲ್ಲಿ ಆರು ಗಂಟೆಗೊಮ್ಮೆ ಸುಮಾರು 40 ಕೋಟಿ ಘನ ಮೀಟರ್ ನೀರು ನುಗ್ಗುತ್ತದೆ. ನೀರು ದಿಕ್ಕು ಬದಲಿಸುವ ಅಲ್ಪ ಸಮಯದಲ್ಲಿ ಮಾತ್ರ ಅಲ್ಲಿ ದಾಟಬೇಕೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಕೊನೆಗೆ ಸಂಸ್ಥೆಯವರು ಲಂಗರು ಮತ್ತು ಸರಪಳಿಯ ಬೆಲೆಯನ್ನು ನಮ್ಮ ಠೇವಣಿಯಿಂದಲೇ ಮುರಿದುಕೊಂಡು, ನಮ್ಮ ಸಹಿಯಿರುವ ಪಟ್ಟಿಯನ್ನು ಮುಂದೆ ಹಿಡಿದರು. ಆದ್ದರಿಂದ ನೋಡದ ವಸ್ತುವಿನ ಮುಂದೆ ‘ಪರಿಶೀಲಿಸಿಲ್ಲ’ ಎಂದು ಬರೆದೇ ಸಹಿ ಮಾಡಿ. ಸರಪಳಿಯ ತುದಿ, ಎರಡನೆಯ ಲಂಗರು, ಜೀವರಕ್ಷಕ ತೆಪ್ಪದ ಮೇಲಿನ ತಪಾಸಣಾ ದಿನಾಂಕ ಇವುಗಳ ಚಿತ್ರವನ್ನು ಅವರ ಎದುರಿಗೇ ತೆಗೆಯಿರಿ; ದೋಣಿಯ ವಿಎಚ್ಎಫ್ ರೇಡಿಯೊದಲ್ಲಿ ತುರ್ತು ಕರೆಗೆ ಬಳಸುವ 16ನೇ ಚಾನೆಲ್‌ನಲ್ಲಿ ಮಾತು ಕೇಳಿಸುತ್ತದೆಯೇ ಎಂದೂ ಬಂದರಿನಲ್ಲೇ ನೋಡಿಕೊಳ್ಳಿ. ಇದಕ್ಕೆ ಸಮಯವಿಲ್ಲ ಎನ್ನುವವರಿಂದ ದೋಣಿ ಪಡೆಯಬೇಡಿ.